ಸ್ಯಾಕ್ಸನಿಯಲ್ಲೂ ಒಂದು ಮ್ಯಾಂಚೆಸ್ಟರ್

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ, ಜರ್ಮನಿಯ ಸ್ಯಾಕ್ಸನಿ ರಾಜ್ಯದ ಪ್ರವಾಸ ಲೇಖನವನ್ನು ಆಸಕ್ತಿಯಿಂದ ಓದಿದೆ. ಅದರಲ್ಲಿ ಹ್ಯಾನೋವರ್ ನಗರವನ್ನೂ ಈ ರಾಜ್ಯಕ್ಕೆ ಸೇರಿಸಿರುವುದು ಸರಿಯಲ್ಲ. ಹ್ಯಾನೋವರ್ ವಾಯವ್ಯದ ಲೋವರ್ ಸ್ಯಾಕ್ಸನಿಯ ರಾಜಧಾನಿ. ಡ್ರೆಸ್ಡನ್ ರಾಜಧಾನಿಯಾಗಿರುವ ಸ್ಯಾಕ್ಸನಿ ಇರುವುದು ಪೂರ್ವದಲ್ಲಿ, ಪೋಲೆಂಡ್ ಮತ್ತು ಚೆಕ್ ಗಡಿಗೆ ತಾಗಿಕೊಂಡು. ಪ್ರಾಚೀನ ಸ್ಯಾಕ್ಸನರು ನೆಲೆಸಿದ್ದುದು ವಾಯವ್ಯದಲ್ಲೇ. 1423ರಲ್ಲಿ ಮೈಸೆನ್ನಿನ ವೆಟ್ಟಿನ್ ಅರಸುಮನೆತನಕ್ಕೆ ಸ್ಯಾಕ್ಸನಿಯ ಅಧಿಪತ್ಯ ದೊರೆತ ಮೇಲೆ ಆ ಹೆಸರು ಎಲ್ಬೆ ನದಿಯ ಈ ಸೀಮೆಗೂ ಅಂಟಿಕೊಂಡಿತು. ಜನ ಅಲ್ಲೇ ಉಳಿದು ಹೆಸರು ಮಾತ್ರ ಗುಳೆ ಹೋದಂತೆ!

ಆದರೆ ಈ ಪತ್ರ ಬರೆಯಲು ಮುಖ್ಯ ಕಾರಣ ಬೇರೆ. ಡ್ರೆಸ್ಡನ್ನಿನ ಅರಮನೆ, ಲೈಪ್‌ಜಿಗ್‌ನಲ್ಲಿ ಬಾಖ್ 1723ರಿಂದ ಕೊನೆಯವರೆಗೂ ಸಂಗೀತ ನಡೆಸಿದ ಚರ್ಚು, ಮೈಸೆನ್ನಿನ ಪಿಂಗಾಣಿ ಎಲ್ಲಕ್ಕೂ ಜಾಗ ಕೊಟ್ಟಿರುವ ಲೇಖಕರು ಕೆಮ್ನಿಟ್ಸ್ ಪಟ್ಟಣವನ್ನು ‘ಕೈಗಾರಿಕಾ ನಗರ’ ಎಂಬ ಎರಡೇ ಪದಗಳಲ್ಲಿ ಮುಗಿಸಿದ್ದಾರೆ. ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದಂತೆ ಆ ಊರನ್ನು ಸ್ಯಾಕ್ಸನಿಯ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಕೆಮ್ನಿಟ್ಸ್‌ನಲ್ಲಿ ದುಡಿದದ್ದನ್ನು ಲೈಪ್‌ಜಿಗ್‌ನಲ್ಲಿ ವ್ಯಾಪಾರ ಮಾಡಿ ಡ್ರೆಸ್ಡನ್‌ನಲ್ಲಿ ಉಡಾಯಿಸುತ್ತಾರೆ ಎಂಬ ಹಳೆಯ ಮಾತೊಂದು ಆ ಕಡೆ ಇದೆ. ಲೇಖಕರು ಉಡಾಯಿಸುವ ಊರಿನಲ್ಲೇ ಹೆಚ್ಚು ದಿನ ತಂಗಿದಂತೆ ಕಾಣುತ್ತದೆ.

ಬಟ್ಟೆಯನ್ನು ಬಿಳುಪು ಮಾಡುವ ವಿಶೇಷ ಹಕ್ಕು 1357ರಷ್ಟು ಹಿಂದೆಯೇ ಕೆಮ್ನಿಟ್ಸ್‌ಗೆ ಸಿಕ್ಕಿತ್ತು. 1800ರ ಹೊತ್ತಿಗೆ ಅಲ್ಲಿ ಯಂತ್ರದಿಂದ ನೂಲು ತೆಗೆಯುವ ಗಿರಣಿಗಳು ಬಂದವು. ಮುಂದೆ ರಿಚರ್ಡ್ ಹಾರ್ಟ್‌ಮನ್ ಎಂಬ ಉದ್ಯಮಿ ಮಗ್ಗಗಳಷ್ಟೇ ಅಲ್ಲದೆ ರೈಲು ಎಂಜಿನ್‌ಗಳನ್ನೂ ತಯಾರಿಸಿದ. 1945ರ ಬಾಂಬ್ ದಾಳಿಗೆ ಊರಿನ ನಡುಭಾಗ ನೆಲಸಮವಾಯಿತು. 1953ರಲ್ಲಿ ಪೂರ್ವ ಜರ್ಮನಿಯ ಸರ್ಕಾರ, ಅಲ್ಲಿ ಎಂದೂ ವಾಸಿಸದ ಕಾರ್ಲ್ ಮಾರ್ಕ್ಸ್‌ನ ಹೆಸರನ್ನು ಊರಿಗಿಟ್ಟು, 1971ರಲ್ಲಿ ಏಳು ಮೀಟರ್ ಎತ್ತರದ ಅವನ ತಲೆಯನ್ನೂ ನಿಲ್ಲಿಸಿತು. 1990ರಲ್ಲಿ ಜನರೇ ಮತ ಹಾಕಿ ಹಳೆಯ ಹೆಸರನ್ನು ಮರಳಿ ತಂದರು, ತಲೆಯನ್ನು ಮಾತ್ರ ಕೀಳಲಿಲ್ಲ. ಅನಂತರ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ, ಮೂರು ಲಕ್ಷ ಮೀರಿದ್ದ ಜನಸಂಖ್ಯೆ ಎರಡೂವರೆ ಲಕ್ಷದ ಆಸುಪಾಸಿಗೆ ಇಳಿಯಿತು.

ಪಾಳಿ ಬದಲಾಗುವ ಸೈರನ್ ಕೇಳಿ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದ ಮನೆಯಲ್ಲಿ ಬೆಳೆದ ನನಗೆ ಇಷ್ಟು ಕಥೆ ಹೊಸತೇನಲ್ಲ. ಮುಂದಿನದು ಹೊಸತು. ಅಲ್ಲಿ ಹಳೆಯ ಎರಕದ ಕಾರ್ಖಾನೆಯೊಂದು ಕೈಗಾರಿಕಾ ವಸ್ತುಸಂಗ್ರಹಾಲಯವಾಗಿದೆ. ವಿದ್ಯುತ್ ಸ್ಥಾವರದ ಮುನ್ನೂರು ಮೀಟರಿನ ಚಿಮಣಿಗೆ 2013ರಲ್ಲಿ ಏಳು ಬಣ್ಣ ಬಳಿದರು. 2025ರಲ್ಲಿ ಆ ಊರು ಯುರೋಪಿನ ಸಾಂಸ್ಕೃತಿಕ ರಾಜಧಾನಿಗಳಲ್ಲಿ ಒಂದೆನಿಸಿತು.

ದಾವಣಗೆರೆಗೆ ಬಂದವರಿಗೆ ಬೆಣ್ಣೆ ದೋಸೆ ತಿನ್ನಿಸಿ ಕಳಿಸುತ್ತೇವೆಯೇ ಹೊರತು, ಗಿರಣಿಗಳಿಂದ ಬೆಳೆದ ಊರಿದು ಎಂದು ಕೈತೋರಿಸಲು ನಮ್ಮಲ್ಲಿ ಒಂದು ಮಗ್ಗವನ್ನೂ ಜೋಡಿಸಿಟ್ಟಿಲ್ಲ. ಅಳಿದುಳಿದ ಗಿರಣಿ ಕಟ್ಟಡಗಳಲ್ಲಿ ಒಂದನ್ನಾದರೂ ಮಹಾನಗರ ಪಾಲಿಕೆ ಇದಕ್ಕಾಗಿ ಉಳಿಸಿಕೊಳ್ಳಬೇಕು. ನೂಲು ವಿಭಾಗದಲ್ಲಿ ದುಡಿದ ಹಿರಿಯರು ಇನ್ನೂ ನಮ್ಮ ಬಡಾವಣೆಗಳಲ್ಲಿದ್ದಾರೆ. ಅವರ ನೆನಪುಗಳನ್ನು ಬರೆಸಿಕೊಂಡು ಪ್ರಕಟಿಸಲು ಇದೇ ಪುರವಣಿಯಲ್ಲಿ ವಾರಕ್ಕೆ ಅರ್ಧ ಪುಟ ಒದಗಿಸಬೇಕೆಂದು ತಮ್ಮಲ್ಲಿ ವಿನಂತಿ.

– ನಿವೃತ್ತ ಇತಿಹಾಸ ಉಪನ್ಯಾಸಕ, ದಾವಣಗೆರೆ