ನನ್ನ ಫ್ಯಾಮಿಕಾಮ್‌ನಿಂದ ಕತ್ತರಿಸಿ ತೆಗೆದ ಕಂಟ್ರೋಲರ್‌ಗಳನ್ನು ವಾಪಸ್ ಕೊಡಿ

ಇಂದ,
ನಿಮ್ಮ ಗ್ರಾಹಕ,
ಬಸವನಗುಡಿ, ಬೆಂಗಳೂರು

ಗೆ,
ವ್ಯವಸ್ಥಾಪಕರು,
ಗೇಮ್ ಕನ್ಸೋಲ್ ರಿಪೇರಿ ಮತ್ತು ಮಾಡಿಫಿಕೇಶನ್ ವಿಭಾಗ

ವಿಷಯ: ಒಪ್ಪಿಗೆ ಕೇಳದೆ ನನ್ನ ನಿಂಟೆಂಡೋ ಫ್ಯಾಮಿಕಾಮ್ ಕತ್ತರಿಸಿದ್ದು, ಬಿಚ್ಚಿದ ಭಾಗಗಳನ್ನು ನೀವೇ ಇಟ್ಟುಕೊಂಡಿದ್ದು

ಮಾನ್ಯರೇ,

ನಿಮ್ಮಲ್ಲಿ ಕೆಲಸಕ್ಕೆ ಕೊಟ್ಟಿದ್ದ ಹಳೇ ವಿಡಿಯೋ ಗೇಮ್ ಮಷಿನ್, ನನ್ನ ಫ್ಯಾಮಿಕಾಮ್, ಕಳೆದ ವಾರ ಕೈಗೆ ಬಂತು. ಡಬ್ಬ ತೆಗೆದು ನೋಡಿದ ತಕ್ಷಣ ನಿಮ್ಮ ಕೌಂಟರ್‌ಗೆ ಫೋನ್ ಮಾಡಿದೆ. "ಸಾರ್, ನಿಮಗೆ ಅಪ್‌ಗ್ರೇಡ್ ಮಾಡಿಕೊಟ್ಟಿದೀವಿ, ಅದಕ್ಕೆ ಜಾಸ್ತಿ ದುಡ್ಡೂ ತಗೊಂಡಿಲ್ಲ" ಅಂದರು. ಇದು ಫೋನಿನಲ್ಲಿ ಬಗೆಹರಿಯುವ ವಿಷಯ ಅಲ್ಲ ಅಂತ ಆಗಲೇ ಗೊತ್ತಾಯಿತು. ಅದಕ್ಕೇ ಬರೆದು ಕೊಡುತ್ತಿದ್ದೇನೆ.

ನಾನು ಕೇಳಿದ್ದು ಒಂದೇ ಕೆಲಸ, ಎವಿ ಔಟ್‌ಪುಟ್, ಅಂದರೆ ಚಿತ್ರ ಮತ್ತು ಸೌಂಡ್ ಬೇರೆ ಬೇರೆ ವೈರಿನಲ್ಲಿ ನೇರ ಟಿವಿಗೆ ಹೋಗುವಂತೆ ಮಾಡುವುದು. ಜಾಬ್ ಶೀಟಿನಲ್ಲಿ ನನ್ನ ಕೈಬರಹದಲ್ಲೇ ಇದೆ, ಕೆಳಗೆ ನಿಮ್ಮವರ ಸಹಿಯೂ ಇದೆ: "ಎವಿ ಮಾತ್ರ. ಬಾಡಿ ಕಟ್ ಮಾಡಬಾರದು. ತೆಗೆದ ಪಾರ್ಟ್ಸ್ ಎಲ್ಲಾ ವಾಪಸ್." ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ ಅಂತ ನನಗೆ ತಿಳಿಯದು.

ಎವಿ ಯಾಕೆ ಬೇಕಿತ್ತು ಅಂತ ನಿಮಗೆ ಗೊತ್ತಿರಬೇಕು. ಆದರೂ ಈ ಪತ್ರ ಮುಂದೆ ಬೇರೆಯವರ ಕೈಗೂ ಹೋಗಬಹುದು, ಅವರಿಗಾಗಿ ಹೇಳುತ್ತೇನೆ. ಫ್ಯಾಮಿಕಾಮ್ 1983ರ ಜುಲೈ 15ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಮಷಿನ್. ಅದರಿಂದ ಹೊರಬರುವುದು ಆರ್‌ಎಫ್ ಸಿಗ್ನಲ್ ಮಾತ್ರ, ಅಂದರೆ ಟಿವಿಯ ಆಂಟೆನಾ ಸಾಕೆಟ್‌ಗೆ ಕೊಡುವಂಥದ್ದು. ಜಪಾನಿನ ಚಾನೆಲ್ 1, 2 ನಮ್ಮ ಚಾನೆಲ್‌ಗಳಿಗೆ ಹೊಂದುವುದಿಲ್ಲ. ಹೇಗೋ ಟ್ಯೂನ್ ಮಾಡಿ ಚಿತ್ರ ಹಿಡಿದರೂ ಸೌಂಡ್ ಸಿಗುವುದಿಲ್ಲ, ಯಾಕೆಂದರೆ ಅಲ್ಲಿನ ಎನ್‌ಟಿಎಸ್‌ಸಿ ಟಿವಿ ಪದ್ಧತಿಯಲ್ಲಿ ಸೌಂಡ್ ಕೂರುವುದು ಚಿತ್ರದ ಸಿಗ್ನಲ್‌ನಿಂದ 4.5 ಮೆಗಾಹರ್ಟ್ಸ್ ದೂರದಲ್ಲಿ, ನಮ್ಮ ಪಾಲ್ ಪದ್ಧತಿಯಲ್ಲಿ 5.5. ಹಾಗಾಗಿ ನಮ್ಮಲ್ಲಿ ಫ್ಯಾಮಿಕಾಮ್ ಆಡಿಸಬೇಕು ಅಂದರೆ ಹಳದಿ ಜ್ಯಾಕಿನ ವಿಡಿಯೋ ತೆಗೆಯಲೇಬೇಕು. ಇದನ್ನು ಬಾಡಿಯ ಮೇಲೆ ಒಂದು ಗೀರೂ ಬೀಳದಂತೆ ಮಾಡಬಹುದು. ಹಿಂದೆ ಇರುವ ಆರ್‌ಎಫ್ ಜ್ಯಾಕ್ ಆರ್‌ಸಿಎ ಮಾದರಿಯದೇ, ಅಂದರೆ ಹಳದಿ ಜ್ಯಾಕಿನ ಆಕಾರದ್ದೇ. ವಿಡಿಯೋ ಅದರಲ್ಲೇ ತಂದು, ಚಾನೆಲ್ ಸ್ವಿಚ್ ಇರುವ ಕಿಂಡಿಯಲ್ಲಿ ಒಂದು 3.5 ಮಿ.ಮೀ. ಜ್ಯಾಕ್ ಕೂರಿಸಿ ಸೌಂಡ್ ಕೊಟ್ಟರೆ ಮುಗಿಯಿತು. ಕೊಡುವಾಗ ಇದನ್ನೆಲ್ಲ ನಿಮ್ಮ ಟೆಕ್ನಿಷಿಯನ್ ಜೊತೆ ನಿಂತು ಮಾತಾಡಿದ್ದೆ. ತಲೆ ಆಡಿಸಿದ್ದರು.

ಈಗ ನೀವು ಮಾಡಿದ್ದು ನೋಡಿ. ಎರಡೂ ಕಂಟ್ರೋಲರ್‌ಗಳ ವೈರ್ ಕತ್ತರಿಸಿದ್ದೀರಿ. ಮುಂಭಾಗದ ಪ್ಲಾಸ್ಟಿಕ್ ಕೊಯ್ದು ಎರಡು ಕಿಂಡಿ ಮಾಡಿದ್ದೀರಿ. ಅಲ್ಲಿ ನಮ್ಮ ಕಡೆಯ ಅಗ್ಗದ ಟಿವಿ ಗೇಮ್‌ಗಳಲ್ಲಿ ಬರುವ 9 ಪಿನ್ ಪೋರ್ಟ್ ಇಟ್ಟು ಗ್ಲೂ ಗನ್‌ನಿಂದ ಅಂಟಿಸಿದ್ದೀರಿ. ಜೊತೆಗೆ ಟರ್ಬೊ ಬಟನ್ (ಹಿಡಿದರೆ ತಾನೇ ಪಟಪಟ ಒತ್ತಿಕೊಳ್ಳುವಂಥದ್ದು) ಇರುವ ಎರಡು ಹೊಸ ಕಂಟ್ರೋಲರ್ ಕವರಿನಲ್ಲಿ ಹಾಕಿ ಕೊಟ್ಟಿದ್ದೀರಿ. ಇದೇ ಆ ಅಪ್‌ಗ್ರೇಡ್.

ಫ್ಯಾಮಿಕಾಮ್‌ನ ಕಂಟ್ರೋಲರ್‌ಗಳು ಮಷಿನ್‌ಗೇ ಸೇರಿದವು. ಎಡಕ್ಕೊಂದು, ಬಲಕ್ಕೊಂದು, ಬಾಡಿಯ ಪಕ್ಕದ ಗೂಡಿನಲ್ಲಿ ನಿಲ್ಲುತ್ತವೆ, ವೈರ್ ಒಳಗಿನಿಂದಲೇ ಬರುತ್ತದೆ. ವೈರ್ ಗಿಡ್ಡ, ಹೌದು. ಆಡುವವರು ಟಿವಿ ಮುಂದೆ ನೆಲದ ಮೇಲೇ ಕೂರಬೇಕು, ಅದೂ ಹೌದು. ಆ ಮಷಿನ್ ಇರುವುದೇ ಹಾಗೆ. ಇನ್ನು ನನ್ನದು ಮೊದಮೊದಲ ತಯಾರಿಕೆಯದು. ಎ, ಬಿ ಬಟನ್ ದುಂಡಗಿರದೆ ಚೌಕವಾಗಿ, ಮೆತ್ತನೆ ರಬ್ಬರಿನವಾಗಿದ್ದವು. ಒತ್ತಿದರೆ ಮೂಲೆ ಸಿಕ್ಕಿಕೊಳ್ಳುತ್ತದೆ ಅಂತ ನಿಂಟೆಂಡೋ ಆಮೇಲೆ ದುಂಡು ಬಟನ್‌ಗೆ ಬದಲಾಯಿಸಿತು. ಆಡುವವನಿಗೆ ಅದು ಕಿರಿಕಿರಿ, ಕೂಡಿಡುವವನಿಗೆ ಅದೇ ಆಸ್ತಿ. ನನ್ನ ತಂಗಿ ಒಸಾಕಾದಲ್ಲಿ ಕೆಲಸಕ್ಕಿದ್ದಾಗ ನಿಪ್ಪೊನ್‌ಬಾಶಿಯ ಡೆನ್‌ಡೆನ್ ಟೌನ್‌ನಲ್ಲಿ ಅಂಗಡಿ ಅಂಗಡಿ ಸುತ್ತಿ, ಚೌಕ ಬಟನ್ ಇರುವುದೇ ಬೇಕು ಅಂತ ಹುಡುಕಿ ತಂದದ್ದು ಅದು.

ಎರಡನೇ ಕಂಟ್ರೋಲರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದರಲ್ಲಿ ಸ್ಟಾರ್ಟ್, ಸೆಲೆಕ್ಟ್ ಬಟನ್ ಇರುವುದಿಲ್ಲ. ಅವುಗಳ ಜಾಗದಲ್ಲಿ ಒಂದು ಮೈಕ್, ಪಕ್ಕಕ್ಕೆ ಸೌಂಡ್ ಹೆಚ್ಚು ಕಮ್ಮಿ ಮಾಡುವ ಸ್ಲೈಡರ್. ಅದರೊಳಗೆ ಮಾತಾಡಿದರೆ ಗೇಮಿನ ಸೌಂಡ್ ಜೊತೆ ಸೇರಿ ನಮ್ಮ ದನಿ ಟಿವಿ ಸ್ಪೀಕರ್‌ನಲ್ಲಿ ಬರುತ್ತದೆ. 1986ರಲ್ಲಿ ಡಿಸ್ಕ್ ಸಿಸ್ಟಮ್‌ಗೆ (ಫ್ಯಾಮಿಕಾಮ್‌ಗೆ ಜೋಡಿಸುವ ಡಿಸ್ಕ್ ಡ್ರೈವ್) ಬಂದ ಝೆಲ್ಡಾ ಅನ್ನುವ ಗೇಮಿನಲ್ಲಿ ದೊಡ್ಡ ಕಿವಿಯ ಒಂದು ರಾಕ್ಷಸ ಇದೆ. ಮೈಕಿನಲ್ಲಿ ಕೂಗಿದರೆ ಅದು ಸಾಯುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದ ದಿನ ಹಳೇ ವಿಡಿಯೋ ಗೇಮ್‌ಗಳ ಒಂದು ಟೇಬಲ್ ಹಾಕುವುದು ನನ್ನ ಪಾಲಿನ ಕೆಲಸ. ಹೋದ ವರ್ಷ ಗೆಳೆಯರೊಬ್ಬರ ಫ್ಯಾಮಿಕಾಮ್ ತಂದು ಇಟ್ಟಿದ್ದೆ. ಆರ್ಕೆಸ್ಟ್ರಾ ನಡೆಯುತ್ತಿದ್ದರೂ ಮಕ್ಕಳು ಈ ಕಡೆ ಸಾಲು ನಿಂತಿದ್ದರು. ಆಡೋಕಲ್ಲ, ಮೈಕಿನಲ್ಲಿ "ಹಲೋ ಹಲೋ" ಅನ್ನೋಕೆ. ಈ ವರ್ಷ ನನ್ನದೇ ಇಡೋಣ ಅಂತ ನಿಮ್ಮ ಹತ್ತಿರ ಬಂದೆ. ನೀವು ಕೊಟ್ಟ ಟರ್ಬೊ ಕಂಟ್ರೋಲರ್‌ನಲ್ಲಿ ಮೈಕ್ ಇಲ್ಲ. ನೀವು ಕೂರಿಸಿದ ಪೋರ್ಟಿನಲ್ಲಿ ಮೈಕ್‌ನ ಲೈನೇ ಇಲ್ಲ.

ನನಗೆ ಬಿಚ್ಚಿ ಹಾಕುವ ಕಂಟ್ರೋಲರ್, ಎವಿ ಜ್ಯಾಕ್ ಎರಡೂ ಬೇಕಿದ್ದರೆ ಅಂಥ ಮಷಿನ್ ನಿಂಟೆಂಡೋನೇ 1993ರಲ್ಲಿ ಮಾಡಿದೆ. ಎವಿ ಫ್ಯಾಮಿಕಾಮ್ ಅಂತಾರೆ ಅದಕ್ಕೆ. ಬರೀ ಎವಿ ಸಾಕು ಅಂದರೆ 1986ರ ಶಾರ್ಪ್ ಟ್ವಿನ್ ಫ್ಯಾಮಿಕಾಮ್ ಇದೆ. ಅದನ್ನೇ ತರಿಸುತ್ತಿದ್ದೆ ಅಲ್ವಾ? ಬೇರೆ ಕಂಟ್ರೋಲರ್ ಹಾಕುವ ಸೌಲಭ್ಯ ಹಳೇ ಮಷಿನ್‌ನಲ್ಲೂ ಇದೆ. ಮುಂದುಗಡೆ 15 ಪಿನ್ನಿನ ಎಕ್ಸ್‌ಪ್ಯಾನ್ಷನ್ ಪೋರ್ಟ್ ಇರುವುದು ಮತ್ಯಾಕೆ? ನೀವು ಕೊಯ್ದ ಜಾಗದ ಪಕ್ಕದಲ್ಲೇ ಇದೆ ಅದು. ಹೋಗಲಿ, ಕಂಟ್ರೋಲರ್ ತೆಗೆಯಲೇಬೇಕು ಅಂತಿದ್ದರೂ ಕತ್ತರಿ ಬೇಕಿರಲಿಲ್ಲ. ಒಳಗೆ ಅವನ್ನು ಬೋರ್ಡಿಗೆ ಕನೆಕ್ಟರ್‌ನಲ್ಲೇ ಸಿಕ್ಕಿಸಿರುತ್ತಾರೆ. ಮೆಲ್ಲಗೆ ಎಳೆದರೆ ಕೈಗೆ ಬರುತ್ತದೆ. ಬಾಡಿ ಬಿಚ್ಚಿದವರ ಕಣ್ಣಿಗೆ ಅದು ಬೀಳದೆ ಇರಲು ಸಾಧ್ಯವೇ ಇಲ್ಲ.

ಇನ್ನು ನಾನು ನಿಜವಾಗಿ ಕೇಳಿದ್ದ ಎವಿ ಕೆಲಸ. ಹಿಂಬದಿಯಲ್ಲಿ ಮೂರು ತೂತು ಕೊರೆದು ಹಳದಿ, ಬಿಳಿ, ಕೆಂಪು ಜ್ಯಾಕ್ ಕೂರಿಸಿದ್ದೀರಿ. ಫ್ಯಾಮಿಕಾಮ್‌ನ ಸೌಂಡ್ ಮೊನೊ. ಹಾಗಾದರೆ ಈ ಕೆಂಪು ಜ್ಯಾಕ್ ಎಲ್ಲಿಗೆ ಹೋಗಿದೆ ಅಂತ ಕುತೂಹಲಕ್ಕೆ ಬಿಚ್ಚಿ ನೋಡಿದೆ. ಎಲ್ಲಿಗೂ ಹೋಗಿಲ್ಲ. ಹಿಂದೆ ವೈರೇ ಇಲ್ಲ, ಸುಮ್ನೆ ಚೆಂದಕ್ಕೆ ಇದೆ. ಟಿವಿಗೆ ಹಾಕಿದರೆ ಚಿತ್ರ ಮಬ್ಬು, ಆಗಾಗ ಉರುಳುತ್ತದೆ, ಉದ್ದುದ್ದ ಗೆರೆ ಬೇರೆ. ಕಾರಣವೂ ಒಳಗೇ ಸಿಕ್ಕಿತು. ಚಿತ್ರ ತಯಾರಿಸುವ ಪಿಪಿಯು ಚಿಪ್ಪಿನ 21ನೇ ಪಿನ್ನಿಂದ ಬರುವ ಸಿಗ್ನಲ್ ದುರ್ಬಲ. ಒಂದು ಟ್ರಾನ್ಸಿಸ್ಟರ್, ಒಂದೆರಡು ರೆಸಿಸ್ಟರ್, ಒಂದು ಕ್ಯಾಪಾಸಿಟರ್ ಹಾಕಿ ಅದನ್ನು ಟಿವಿಯ 75 ಓಮ್ ಇನ್‌ಪುಟ್‌ಗೆ ಹೊಂದಿಸಬೇಕು. ನೀವು 21ನೇ ಪಿನ್ನಿಂದ ಹಳದಿ ಜ್ಯಾಕಿಗೆ ನೇರವಾಗಿ ಒಂದು ನೀಲಿ ವೈರ್ ಎಳೆದಿದ್ದೀರಿ. ಬಿಲ್ಲಿನಲ್ಲಿ ಮಾತ್ರ "ವಿಡಿಯೋ ಆಂಪ್ಲಿಫೈಯರ್ ಸರ್ಕ್ಯೂಟ್ ಸಹಿತ" ಅಂತ ಇದೆ. ಒಟ್ಟು ₹6,500. ಒಳಗಿನ ಫೋಟೋ ಮತ್ತು ಬಿಲ್ಲಿನ ಪ್ರತಿ ಇದರ ಜೊತೆ ಇಟ್ಟಿದ್ದೇನೆ, ನೀವೇ ತಾಳೆ ನೋಡಿ.

ಮೇಲಿನ ಪ್ಲಾಸ್ಟಿಕ್ ಹಳದಿಯಾಗಿತ್ತು ಅಂತ ಪೆರಾಕ್ಸೈಡ್ ಬಳಿದು ಬಿಸಿಲಿಗೂ ಇಟ್ಟಿದ್ದೀರಿ. ನಲವತ್ತು ವರ್ಷದ ಪ್ಲಾಸ್ಟಿಕ್, ಹಳದಿಯಾಗುತ್ತದೆ. ಒಂದೇ ಸಮನಾದ ಕೆನೆ ಬಣ್ಣ ಇತ್ತು, ನನಗೆ ಅದು ಇಷ್ಟವೇ ಇತ್ತು. ಈಗ ಪಟ್ಟೆ ಪಟ್ಟೆ. ಇದನ್ನೂ ಯಾರೂ ಕೇಳಿರಲಿಲ್ಲ.

ಅಡಾಪ್ಟರ್ ವಿಷಯ ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಅದು ಅಪಾಯದ್ದು. ನೀವು "ಫ್ರೀ" ಅಂತ ಕೊಟ್ಟ ಅಡಾಪ್ಟರ್ 12 ವೋಲ್ಟಿನದು, ಮಧ್ಯದ ಪಿನ್ ಪಾಸಿಟಿವ್. ಫ್ಯಾಮಿಕಾಮ್‌ಗೆ ಬೇಕಿರುವುದು 10 ವೋಲ್ಟ್ ಡಿಸಿ, 850 ಮಿಲಿಆಂಪ್, ಮಧ್ಯದ ಪಿನ್ ನೆಗೆಟಿವ್. ಉಲ್ಟಾ ಕರೆಂಟ್ ಕೊಟ್ಟರೆ ಒಳಗೆ ವೋಲ್ಟೇಜ್ ಇಳಿಸುವ 7805 ರೆಗ್ಯುಲೇಟರ್, ಕ್ಯಾಪಾಸಿಟರ್ ಸುಡಬಹುದು, ಚಿಪ್‌ಗಳೂ ಹೋಗಬಹುದು. ಹೊಸ ಅಡಾಪ್ಟರ್ ಯಾವುದೇ ಬಂದರೂ ಮೊದಲು ಮಲ್ಟಿಮೀಟರ್ ಹಿಡಿದು ನೋಡುವುದು ನನ್ನ ಅಭ್ಯಾಸ, ಹಾಗಾಗಿ ಬಚಾವ್. ಎಸ್.ಪಿ. ರೋಡಿನಲ್ಲಿ ರಾಶಿ ಹಾಕಿ ಮಾರುವ ಇದೇ ಅಡಾಪ್ಟರ್ ಬೇರೆ ಗ್ರಾಹಕರಿಗೂ ಕೊಟ್ಟಿದ್ದರೆ ದಯವಿಟ್ಟು ಇವತ್ತೇ ಫೋನ್ ಮಾಡಿ ತಿಳಿಸಿ. ನನ್ನ ಜಗಳ ಆಮೇಲೆ ಇರಲಿ.

ತೆಗೆದ ಪಾರ್ಟ್ಸ್ ಎಲ್ಲಿ ಅಂತ ಕೇಳಿದ್ದಕ್ಕೆ ನಿಮ್ಮವರು "ಸ್ಕ್ರ್ಯಾಪ್‌ಗೆ ಹೋಯ್ತು ಸಾರ್" ಅಂದರು. ನಂಬಿದೆ. ಮಾರನೇ ದಿನ ಬಿಲ್ ಪ್ರತಿ ಕೇಳಲು ಅಂಗಡಿಗೆ ಬಂದಾಗ ಕೌಂಟರ್ ಹಿಂದಿನ ಗೋಡೆ ನೋಡಿದೆ. ಕಪ್ಪು ಬಟ್ಟೆ ಹಾಸಿದ ಗಾಜಿನ ಫ್ರೇಮ್, ಒಳಗೆ ಎರಡು ಫ್ಯಾಮಿಕಾಮ್ ಕಂಟ್ರೋಲರ್, ಚೌಕ ಬಟನ್, ವೈರ್ ಸುರುಳಿ ಸುತ್ತಿ ಅಂದವಾಗಿ ಕಟ್ಟಿದ್ದು. ಕೆಳಗೆ ಚೀಟಿ: "ಮಾರಾಟಕ್ಕಿಲ್ಲ". ಅಷ್ಟು ಮಟ್ಟಿಗೆ ನಿಜ, ಅವು ಮಾರಾಟಕ್ಕಿಲ್ಲ. ಯಾಕೆಂದರೆ ಅವು ನನ್ನವು. ಸಂಶಯ ಇದ್ದರೆ ಎರಡನೇ ಕಂಟ್ರೋಲರ್ ತಿರುಗಿಸಿ ನೋಡಿ. ಹಿಂದೆ ಜಪಾನಿನ ಯಾವುದೋ ಮಗು ಕಪ್ಪು ಇಂಕಿನಲ್ಲಿ ಹಿರಾಗಾನಾ ಅಕ್ಷರದಲ್ಲಿ ತನ್ನ ಹೆಸರು ಬರೆದುಕೊಂಡಿದೆ, ಕೊನೆಯ ಅಕ್ಷರ ಅರ್ಧ ಅಳಿಸಿದೆ. ನಿಮಗೆ ಕೊಡುವ ಮೊದಲು ತೆಗೆದ ಫೋಟೋದಲ್ಲಿ ಅದು ಸ್ಪಷ್ಟವಾಗಿದೆ. ಆ ಫೋಟೋವನ್ನೂ ಲಗತ್ತಿಸಿದ್ದೇನೆ. ಸಾಲದ್ದಕ್ಕೆ ನನ್ನ ಮಷಿನ್ನಿನ ಫೋಟೋ "ನಮ್ಮ ಕಸ್ಟಮ್ ಬಿಲ್ಡ್" ಅಂತ ನಿಮ್ಮ ಜಾಹೀರಾತಿನಲ್ಲೂ ಹಾಕಿಕೊಂಡಿದ್ದೀರಿ.

ಮಾಡಿಫಿಕೇಶನ್ ಮಾಡುವವರ ಮೇಲೆ ನನಗೇನೂ ಸಿಟ್ಟಿಲ್ಲ. ಕೈಯಲ್ಲಿ ಹಿಡಿದು ಆಡುವ ನನ್ನ ಗೇಮ್ ಬಾಯ್ ಅಡ್ವಾನ್ಸ್‌ಗೆ ಹೊಸ ಐಪಿಎಸ್ ಸ್ಕ್ರೀನ್ ಹಾಕಿದ್ದೇನೆ. ಅಂಥದ್ದೇ ಇನ್ನೊಂದು ಮಷಿನ್ ಗೇಮ್ ಗಿಯರ್‌ನ ಸೋರುವ ಕ್ಯಾಪಾಸಿಟರ್‌ಗಳನ್ನೆಲ್ಲ ಕಿತ್ತು ಹೊಸವು ಹಾಕಿಸಿದ್ದೇನೆ, ಇಲ್ಲದಿದ್ದರೆ ಅದು ಸತ್ತೇ ಹೋಗುತ್ತಿತ್ತು. ಆದರೆ ಹಳೇ ಸ್ಕ್ರೀನ್, ಹಳೇ ಬಾಡಿ ಎಲ್ಲ ಕವರಿನಲ್ಲಿ ಹೆಸರು ಬರೆದು ಇಟ್ಟಿದ್ದೇನೆ. ನಾಳೆ ಬೇಕಾದರೆ ಮೊದಲಿದ್ದ ಹಾಗೇ ಜೋಡಿಸಬಹುದು. ಫ್ಯಾಮಿಕಾಮ್‌ಗೆ ಇದು ಇನ್ನೂ ಮುಖ್ಯ. ನಿಂಟೆಂಡೋ ಅದರ ತಯಾರಿಕೆ ನಿಲ್ಲಿಸಿದ್ದು 2003ರಲ್ಲಿ. ಬಿಡಿಭಾಗ ಸಿಗುತ್ತಿಲ್ಲ ಅಂತ 2007ರಲ್ಲಿ ರಿಪೇರಿಯನ್ನೂ ನಿಲ್ಲಿಸಿತು. ಮಾಡಿದ ಕಂಪನಿಯಲ್ಲೇ ಇಲ್ಲದ ಪಾರ್ಟ್ ಅದು, ನಿಮ್ಮ ಗೋಡೆಯ ಮೇಲಿದೆ.

ನನಗೆ ಬೇಕಾದ್ದು ಇಷ್ಟು. ಎರಡೂ ಕಂಟ್ರೋಲರ್ ವೈರ್ ಸಮೇತ ವಾಪಸ್ ಬರಬೇಕು. ಒಳಗೆ ಕನೆಕ್ಟರ್ ಜೊತೆ ಉಳಿದ ವೈರ್ ತುಂಡುಗಳು, ತೆಗೆದ ಆರ್‌ಎಫ್ ಭಾಗ, ಚಾನೆಲ್ ಸ್ವಿಚ್, ಸ್ಕ್ರೂ, ಏನೇನಿದೆಯೋ ಎಲ್ಲ ಬರಬೇಕು. ಕತ್ತರಿಸಿದ ವೈರ್‌ಗಳನ್ನು ನೀವು ಜೋಡಿಸಲು ಹೋಗಬೇಡಿ, ಕೈ ಮುಗಿದು ಕೇಳುತ್ತೇನೆ. ಆ ಕೆಲಸ ನಾನು ಬೇರೆ ಕಡೆ ಮಾಡಿಸುತ್ತೇನೆ, ಅದರ ಖರ್ಚು ನಿಮ್ಮದು. ಬಿಲ್ಲಿನ ₹6,500 ಪೂರ್ತಿ ವಾಪಸ್ ಕೊಡಿ. ಕೊಯ್ದ, ಕೊರೆದ, ಪಟ್ಟೆ ಬಿದ್ದ ಬಾಡಿಯ ಬದಲಿಗೆ ಅದೇ ಮಾಡೆಲ್‌ನ ಒಳ್ಳೆಯ ಬಾಡಿ ತರಿಸಿಕೊಡಿ, ಆಗದಿದ್ದರೆ ಅದನ್ನು ಜಪಾನಿನಿಂದ ತರಿಸುವ ಖರ್ಚು ಕೊಡಿ. ನನ್ನ ಮಷಿನ್ನಿನ ಫೋಟೋ ನಿಮ್ಮ ಜಾಹೀರಾತಿನಿಂದ ತೆಗೆಯಿರಿ. ಟರ್ಬೊ ಕಂಟ್ರೋಲರ್‌ಗಳು, ಆ ಅಡಾಪ್ಟರ್ ಎರಡನ್ನೂ ಬಂದಾಗ ನಿಮಗೇ ಒಪ್ಪಿಸುತ್ತೇನೆ.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬೇಕು. ಬಾರದಿದ್ದರೆ ಮೊದಲು 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸುತ್ತೇನೆ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಅಂತ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ. ಜಾಬ್ ಶೀಟ್ ನನ್ನ ಹತ್ತಿರ ಇದೆ, ಅದರಲ್ಲಿ ನಿಮ್ಮವರ ಸಹಿ ಇದೆ. ಅಲ್ಲಿಯವರೆಗೆ ಎಳೆಯುವ ಆಸೆ ನನಗಿಲ್ಲ. ನವೆಂಬರ್ ಹತ್ತಿರ ಬರುತ್ತಿದೆ, ನನಗೆ ಬೇರೆ ಕೆಲಸ ಇದೆ.

ಮುಂದಿನ ಶನಿವಾರ ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ನಾನೇ ಬರುತ್ತೇನೆ. ಕಂಟ್ರೋಲರ್ ಬಿಚ್ಚಿ ಇಟ್ಟಿರಿ. ಫ್ರೇಮ್ ನಿಮ್ಮದೇ, ಅದನ್ನು ನೀವೇ ಇಟ್ಟುಕೊಳ್ಳಿ.

ಇಂತಿ,
ನಿಮ್ಮ ಗ್ರಾಹಕ
(ಸಹಿ)

ಲಗತ್ತು: ಜಾಬ್ ಶೀಟ್ ಪ್ರತಿ, ಬಿಲ್ ಪ್ರತಿ, ಕೊಡುವ ಮೊದಲಿನ ಮತ್ತು ನಂತರದ ಫೋಟೋಗಳು