ಅಪರೂಪದ ಗಾಯನದ ಟಿಕೆಟ್ ಕೇಳುಗರ ಕೈ ಸೇರಲಿ

ಸಂಪಾದಕರಿಗೆ,

ಮಾನ್ಯರೇ,

ವರ್ಷಗಟ್ಟಲೆ ವೇದಿಕೆಯಿಂದ ದೂರ ಉಳಿದಿದ್ದ ಹಿರಿಯ ಹಿಂದೂಸ್ತಾನಿ ಗಾಯಕರೊಬ್ಬರು ಬರುವ ತಿಂಗಳು ಬೆಂಗಳೂರಿನಲ್ಲಿ ಒಂದೇ ಒಂದು ಸಂಜೆ ಹಾಡಲಿದ್ದಾರೆ. ಅದರ ಟಿಕೆಟುಗಳು ಕಳೆದ ವಾರ ಅಂತರ್ಜಾಲದಲ್ಲಿ ಮಾರಾಟಕ್ಕೆ ಬಂದು ಕೆಲವೇ ನಿಮಿಷಗಳಲ್ಲಿ ಮುಗಿದುಹೋದವು. ಅಂದೇ ಸಂಜೆಯ ಹೊತ್ತಿಗೆ ಅವೇ ಟಿಕೆಟುಗಳು ಮರುಮಾರಾಟದ ತಾಣಗಳಲ್ಲಿಯೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿಯೂ ಮೂಲ ಬೆಲೆಯ ಹಲವು ಪಟ್ಟು ದರಕ್ಕೆ ಬಿಕರಿಯಾಗತೊಡಗಿದವು. ಕಲಬುರಗಿಯಲ್ಲಿ ಈ ಗಾಯನಕ್ಕಾಗಿ ಬಹುಕಾಲದಿಂದ ಕಾದಿದ್ದ ನಮ್ಮ ಬಳಗದ ಒಬ್ಬರಿಗೂ ಟಿಕೆಟ್ ಸಿಗಲಿಲ್ಲ. ಕಲಾವಿದರ ಹೆಸರನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಸಂದರ್ಶನ, ಸನ್ಮಾನ, ಛಾಯಾಚಿತ್ರ ಯಾವುದನ್ನೂ ಬಯಸದೆ ಬಾಳಿದವರ ಹೆಸರನ್ನು ಟಿಕೆಟಿನ ತಕರಾರಿಗೆ ಎಳೆದು ತರುವುದು ಸರಿಯಲ್ಲ. ಈ ಅವ್ಯವಸ್ಥೆಯಲ್ಲಿ ಅವರ ಪಾಲೇನೂ ಇಲ್ಲ.

ಇಂಥ ಕಲಾವಿದರಿಗೆ ನಮ್ಮ ಭಾಗದಲ್ಲಿ ಕೇಳುಗರಿದ್ದಾರೆಯೇ ಎಂದು ಬೆಂಗಳೂರಿನ ಸಂಘಟಕರು ಕೇಳಬಹುದು. ಇದ್ದಾರೆ. ಈ ಗಾಯಕರ ಧ್ವನಿ ಇಲ್ಲಿಗೆ ಬಂದದ್ದು ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟುಗಳಿಂದಲ್ಲ, ಒಬ್ಬರಿಂದೊಬ್ಬರು ನಕಲು ಮಾಡಿಕೊಂಡ ಕ್ಯಾಸೆಟ್ಟುಗಳಿಂದ. ಕಲಬುರಗಿಯ ಬ್ರಹ್ಮಪುರದ ನಿವೃತ್ತ ಶಿಕ್ಷಕರೊಬ್ಬರ ಕಪಾಟಿನಲ್ಲಿ ಅವು ಈಗಲೂ ಸಾಲಾಗಿವೆ. ಪ್ರತಿಯೊಂದರ ಚೀಟಿಯ ಮೇಲೆ ಪೆನ್ಸಿಲ್ಲಿನಲ್ಲಿ ರಾಗದ ಹೆಸರು, ಅದರ ಕೆಳಗೆ ತಬಲಾ ಸಾಥಿಯ ಹೆಸರು ಬರೆದಿದೆ. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ ಅರ್ಧ ಗಂಟೆಯಷ್ಟೇ ಹಿಡಿಯುವುದರಿಂದ, ನಿಧಾನಗತಿಯ ವಿಲಂಬಿತ್ ಖಯಾಲಿನ ಬಢತ್, ಅಂದರೆ ರಾಗದ ವಿಸ್ತಾರ, ಏರುತ್ತಿರುವಾಗಲೇ ಧ್ವನಿ ತುಂಡಾಗುತ್ತದೆ. ಆ ತುಂಡಾಗುವ ಜಾಗವೂ ನಮಗೆ ಬಾಯಿಪಾಠವಾಗಿದೆ. ಕತ್ತರಿಸದ ಒಂದು ರಾಗವನ್ನು ಮೊದಲಿನಿಂದ ಕೊನೆಯವರೆಗೆ ಎದುರಿಗೆ ಕೂತು ಕೇಳಬೇಕೆಂಬುದು ಇಂಥವರ ಆಸೆ.

ಮಾರಾಟ ನಡೆದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಪುಟ ಪೂರ್ತಿ ಇಂಗ್ಲಿಷಿನಲ್ಲಿತ್ತು. ಹತ್ತು ಗಂಟೆಗೆ ಅದು ತೆರೆದ ಕೂಡಲೇ ನಮ್ಮ ಮುಂದೆ ಸಾವಿರಾರು ಜನ ಇದ್ದಾರೆಂಬ ಸಂಖ್ಯೆ ಕಂಡಿತು. ಪಾಳಿ ಬಂದು ಆಸನ ಆರಿಸಿ ಹಣ ಕಟ್ಟುವ ಹಂತಕ್ಕೆ ಹೋದರೆ ಬ್ಯಾಂಕಿನ ಒಟಿಪಿ ಬರುವಷ್ಟರಲ್ಲಿ ಅವಧಿ ಮುಗಿಯಿತೆಂದು ಪುಟ ಮತ್ತೆ ಮೊದಲಿನಿಂದ ಶುರುವಾಯಿತು. ಟಿಕೆಟಿನ ಬೆಲೆಯ ಮೇಲೆ ಅನುಕೂಲ ಶುಲ್ಕವೆಂಬ ಮೊತ್ತ ಸೇರಿದ್ದು ಕೊನೆಯ ಪುಟದಲ್ಲಿ ಮಾತ್ರ ತಿಳಿಯಿತು. ಹೀಗೆ ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಯಲ್ಲಿ ಏರಿಸುವುದನ್ನೂ, ಸುಳ್ಳು ಅವಸರ ಹುಟ್ಟಿಸುವುದನ್ನೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. 1915 ಸಹಾಯವಾಣಿಗೆ ಗ್ರಾಹಕರು ದೂರು ಕೊಡಬಹುದು. ಆದರೆ ದೂರು ಇತ್ಯರ್ಥವಾಗುವ ಹೊತ್ತಿಗೆ ಗಾಯನ ಮುಗಿದಿರುತ್ತದೆ.

ಆಸನ ಕಡಿಮೆ, ಬಯಸುವವರು ಹೆಚ್ಚು ಎಂಬುದು ನಿಜ. ಇಂಗ್ಲೆಂಡಿನ ಗಾಯಕಿ ಕೇಟ್ ಬುಷ್ 1979ರ ಪ್ರವಾಸದ ಬಳಿಕ 35 ವರ್ಷ ಕಾಲ ಅಂಥ ಕಾರ್ಯಕ್ರಮ ಸರಣಿ ನಡೆಸದೆ, 2014ರಲ್ಲಿ ಲಂಡನ್ನಿನಲ್ಲಿ ಹಾಡಲು ಒಪ್ಪಿದಾಗ ಮೊದಲು ಗೊತ್ತುಪಡಿಸಿದ್ದ 15 ಪ್ರದರ್ಶನಗಳಿಗೆ ಇನ್ನೂ 7 ಸೇರಿಸಬೇಕಾಯಿತು. ಆದರೂ ಟಿಕೆಟುಗಳು ಕಾಲು ಗಂಟೆಯೊಳಗೆ ಖಾಲಿಯಾದವು. ನಮ್ಮ ಗಾಯಕರಿಗೆ ಇನ್ನೊಂದು ಸಂಜೆ ಹಾಡಿರೆಂದು ಕೇಳುವ ಹಕ್ಕು ಯಾರಿಗೂ ಇಲ್ಲ, ಕೇಳಲೂಬಾರದು. ಸಿತಾರನ್ನು ಹೋಲುವ ಸುರಬಹಾರ್ ವಾದ್ಯದ ವಾದಕಿ ಅನ್ನಪೂರ್ಣಾ ದೇವಿಯವರು ಸಾರ್ವಜನಿಕ ವೇದಿಕೆಯನ್ನು ಬಿಟ್ಟ ಮೇಲೆ ಮುಂಬೈಯ ತಮ್ಮ ಮನೆಯಲ್ಲಿ ಶಿಷ್ಯರಿಗೆ ಪಾಠ ಹೇಳುತ್ತ ಬಾಳಿ 2018ರಲ್ಲಿ ತೀರಿಕೊಂಡರು. ಅವರ ವಾದನವನ್ನು ಎದುರಿಗೆ ಕೂತು ಕೇಳುವ ಭಾಗ್ಯ ಎರಡು ತಲೆಮಾರಿನ ರಸಿಕರಿಗೆ ಬರಲೇ ಇಲ್ಲ. ಕಲಾವಿದರ ಮೌನವನ್ನು ಗೌರವಿಸಲೇಬೇಕು. ಹಾಗಿರುವಾಗ ಅವರು ಮೌನ ಮುರಿದ ಒಂದು ಸಂಜೆಯ ಆಸನಗಳು ಯಾರಿಗೆ ಸೇರುತ್ತವೆ ಎಂಬುದನ್ನು ವೇಗದ ಇಂಟರ್ನೆಟ್ಟಿಗೂ ದಲ್ಲಾಳಿಗಳ ಕೈಚಳಕಕ್ಕೂ ಬಿಟ್ಟುಕೊಡುವುದು ಸಂಘಟಕರ ಬೇಜವಾಬ್ದಾರಿಯೆಂದೇ ನಾನು ಭಾವಿಸುತ್ತೇನೆ.

ಮಾದರಿಗಳಿಗಾಗಿ ದೂರ ಹೋಗಬೇಕಿಲ್ಲ. ಹಜ್ ಯಾತ್ರೆಗೆ ಕೋಟಾ ಮೀರಿ ಅರ್ಜಿಗಳು ಬಂದಾಗ ಹಜ್ ಸಮಿತಿ ಕುರ್ರಾ (ಚೀಟಿ) ಎತ್ತಿ ಆಯ್ಕೆ ಮಾಡುವುದು ಕಲಬುರಗಿಯ ಜನರಿಗೆ ಹೊಸದಲ್ಲ. ಕೈಲಾಸ ಮಾನಸ ಸರೋವರದ ಯಾತ್ರಿಗಳನ್ನೂ ಲಾಟರಿಯ ಮೂಲಕವೇ ಆರಿಸಲಾಗುತ್ತದೆ. ಮೂರ್ನಾಲ್ಕು ದಿನ ಅರ್ಜಿ ಪಡೆದು ಆಮೇಲೆ ಚೀಟಿ ಎತ್ತಿದರೆ, ಚೀಟಿ ಬಾರದವರಿಗೆ ಬೇಸರವಾದೀತೇ ಹೊರತು ಮೋಸಹೋದೆವೆಂಬ ಸಂಕಟ ಇರುವುದಿಲ್ಲ. ರೈಲ್ವೆಯವರು 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್ ಟಿಕೆಟನ್ನು ಆಧಾರ್ ದೃಢೀಕರಿಸಿದವರಿಗೆ ಮಾತ್ರ ಕೊಡುತ್ತಿದ್ದಾರೆ ಮತ್ತು ಮೊದಲ ಅರ್ಧ ಗಂಟೆ ಏಜೆಂಟರನ್ನು ದೂರ ಇಟ್ಟಿದ್ದಾರೆ. ರೈಲಿನ ಟಿಕೆಟಿನ ಮೇಲೆ ಪ್ರಯಾಣಿಕರ ಹೆಸರಿರುತ್ತದೆ. ಸಂಗೀತದ ಟಿಕೆಟಿನ ಮೇಲೆಯೂ ಹೆಸರು ಮುದ್ರಿಸಿ ಬಾಗಿಲಲ್ಲಿ ಗುರುತಿನ ಚೀಟಿ ನೋಡಿದರೆ, ಬರಲಾಗದವರು ಮೂಲ ಬೆಲೆಗೇ ಸಂಘಟಕರಿಗೆ ಹಿಂದಿರುಗಿಸುವಂತೆ ಮಾಡಿದರೆ, ದಲ್ಲಾಳಿಗೆ ಮಾರಲು ಏನೂ ಉಳಿಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಕೆಲವು ಆಸನಗಳನ್ನಾದರೂ ಜಿಲ್ಲಾ ಕೇಂದ್ರಗಳ ಕೌಂಟರಿನಲ್ಲಿ ಕೊಡಬೇಕು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಪ್ರತಿ ಜಿಲ್ಲೆಯಲ್ಲೂ ಕಚೇರಿಯಿದೆ, ನಮ್ಮಲ್ಲಿ ಡಾ. ಎಸ್. ಎಂ. ಪಂಡಿತ ರಂಗಮಂದಿರವಿದೆ. ಕೌಂಟರ್ ತೆರೆದರೆ ನೂಕುನುಗ್ಗಲಾಗುತ್ತದೆ ಎಂಬ ಆಕ್ಷೇಪ ಬರಬಹುದು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಜನ ಪ್ರಾಣ ಕಳೆದುಕೊಂಡ ಮೇಲೆ ಆ ಭಯ ಸಹಜವೇ. ಆದರೆ ಕಲಬುರಗಿ, ಬೀದರ್, ಯಾದಗಿರಿ, ಧಾರವಾಡಗಳಲ್ಲಿ ಹಂಚಿ ಮಾರಿದರೆ ಜನ ಒಂದೇ ಕಡೆ ಸೇರುವುದು ತಪ್ಪುತ್ತದೆ.

ಇನ್ನು ಪೊಲೀಸರ ವಿಷಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 112ನೇ ಸೆಕ್ಷನ್, ಗುಂಪು ಕಟ್ಟಿಕೊಂಡು ನಡೆಸುವ ಅನಧಿಕೃತ ಟಿಕೆಟ್ ಮಾರಾಟವನ್ನು ಸಣ್ಣ ಸಂಘಟಿತ ಅಪರಾಧಗಳ ಸಾಲಿನಲ್ಲಿ ಹೆಸರಿಸಿ, 1ರಿಂದ 7 ವರ್ಷದವರೆಗೆ ಜೈಲು ಶಿಕ್ಷೆ ಮತ್ತು ದಂಡಕ್ಕೆ ಅವಕಾಶ ಕೊಟ್ಟಿದೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಸನದ ಸಂಖ್ಯೆ ಸಮೇತ ಬೆಲೆ ಹಾಕುತ್ತಿರುವವರನ್ನು ಪತ್ತೆ ಹಚ್ಚುವುದು ಕಷ್ಟದ ಕೆಲಸವಲ್ಲ.

ಕಾಳಸಂತೆಯಲ್ಲಿ ಟಿಕೆಟ್ ಕೊಳ್ಳಬಾರದೆಂದು ನಮ್ಮ ಬಳಗ ತೀರ್ಮಾನಿಸಿದೆ. ಉಳಿದ ರಸಿಕರೂ ಕೊಳ್ಳಬಾರದೆಂದು ವಿನಂತಿಸುತ್ತೇನೆ. ಸಭಾಂಗಣದ ಒಟ್ಟು ಆಸನಗಳೆಷ್ಟು, ಅವುಗಳಲ್ಲಿ ಮಾರಾಟಕ್ಕೆ ಇಟ್ಟವು ಎಷ್ಟು, ಪ್ರಾಯೋಜಕರಿಗೂ ಅತಿಥಿಗಳಿಗೂ ಪಾಸಿನ ರೂಪದಲ್ಲಿ ಹೋದವು ಎಷ್ಟು ಎಂಬುದನ್ನು ಸಂಘಟಕರು ಬಹಿರಂಗಪಡಿಸಬೇಕು. ಮುಂದಿನ ಸಾಲುಗಳು ಅತಿಥಿಗಳಿಗೆಂದು ಮೀಸಲಾಗಿ ಕೊನೆಗೆ ಅರ್ಧ ಖಾಲಿ ಉಳಿಯುವುದನ್ನು ನಾವೆಲ್ಲ ಎಷ್ಟೋ ಕಾರ್ಯಕ್ರಮಗಳಲ್ಲಿ ಕಂಡಿದ್ದೇವೆ. ಆ ಪಾಸುಗಳಲ್ಲಿ ಉಳಿದವನ್ನೂ ಹಿಂದಿರುಗಿ ಬಂದ ಟಿಕೆಟುಗಳನ್ನೂ ಚೀಟಿ ಎತ್ತಿ ಹಂಚುವುದಕ್ಕೆ ಈಗಲೂ ಸಮಯವಿದೆ. ಹಾಗೆ ಮಾಡುವುದಾದರೆ ಕನಿಷ್ಠ ಹತ್ತು ದಿನ ಮುಂಚಿತವಾಗಿ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ಬೆಳಗಿನ ವಂದೇ ಭಾರತ್ ರೈಲಿನಲ್ಲಿ ಹೊರಟರೆ ಸಂಜೆಯ ಗಾಯನಕ್ಕೆ ನಾವು ಬೆಂಗಳೂರು ತಲುಪಬಹುದು, ಆದರೆ ಆ ರೈಲಿನ ಸೀಟು ಕೊನೆಯ ಗಳಿಗೆಯಲ್ಲಿ ಸಿಗುವುದಿಲ್ಲ.

– ಒಬ್ಬ ಸಂಗೀತ ಶ್ರೋತೃ, ಕಲಬುರಗಿ