ಭಾನುವಾರದ ಚರ್ಚೆ: ಕಟಾರಾಗೆ ಯಾರು ಜೋಡಿ?

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 4 ಗಂಟೆಗೆ ಹಾಸನದ ಮಹಾರಾಜ ಪಾರ್ಕ್‌ನಲ್ಲಿ ಸೇರೋಣ. ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಕಾರ್ಟೂನ್ ಧಾರಾವಾಹಿಯ ನಾಯಕಿ ಕಟಾರಾಗೆ ನಾಯಕ ಆಂಗ್ ಜೋಡಿಯೋ, ಮೊದಲು ಅವರ ಎದುರಾಳಿಯಾಗಿದ್ದ ರಾಜಕುಮಾರ ಜುಕೊ ಜೋಡಿಯೋ, ಬರೆದವರ ಒಲವು ಯಾವ ಕಡೆಗಿತ್ತು ಎಂಬುದೇ ವಿಷಯ.

2008ರ ಕೊನೆಯ ಕಂತಿನಲ್ಲಿ ಆಂಗ್–ಕಟಾರಾ ಒಂದಾದರು, ನಿಜ. ಆದರೆ ಬಾ ಸಿಂಗ್ ಸೆ ನಗರದ ಹರಳಿನ ಗುಹೆಯಲ್ಲಿ ಕಟಾರಾ ಜುಕೊನ ಸುಟ್ಟ ಕಲೆಯನ್ನು ಮುಟ್ಟುವ ದೃಶ್ಯ ಸುಮ್ಮನೆ ಬಂದದ್ದಲ್ಲ ಎಂದೇ ನನ್ನ ನಂಬಿಕೆ. ಆ ದೃಶ್ಯ ಬರುವ, ಎರಡನೆಯ ಭಾಗದ ಕೊನೆಯ ಕಂತನ್ನು ಎಲ್ಲರೂ ನೋಡಿಕೊಂಡು ಬನ್ನಿ.

ಊಹೆಯನ್ನು ಊಹೆ ಎಂದೇ ಹೇಳಿ. ಬರೆದವರೇ ಹೇಳಿದ್ದಾರೆ ಎನ್ನುವವರು ಎಲ್ಲಿ, ಯಾವಾಗ ಎಂಬುದನ್ನೂ ತಿಳಿಸಬೇಕು. ಜೋಡಿಯ ಹೆಸರಿನಲ್ಲಿ ಒಬ್ಬರನ್ನೊಬ್ಬರು ಹಂಗಿಸುವುದು ದಯವಿಟ್ಟು ಬೇಡ.

ಬರುವವರು ಶುಕ್ರವಾರದೊಳಗೆ ಇಲ್ಲಿ ಉತ್ತರಿಸಿ. ಬೇಲೂರು, ಅರಸೀಕೆರೆಯವರು ಹಿಂದಿರುಗುವ ಬಸ್ಸಿನ ಸಮಯವನ್ನೂ ಬರೆಯಿರಿ, ಅದಕ್ಕೆ ಮೊದಲೇ ಮುಗಿಸೋಣ.